ನಾಲ್ಕನೆಯ ಮಣೆ

ನೆನೆಸಿದ ಅವರೆಕಾಳು ಬೋಗುಣಿ ತುಂಬ ಇತ್ತು. ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಕಾಳು ಹಿಡಿದು ಹಿತುಕುತ್ತಿದ್ದೆ. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಅಷ್ಟರಲ್ಲಿ ಮೊಮ್ಮಗಳು ಹಂಸಿ ಸ್ಕೂಲಿನ ಬ್ಯಾಗನ್ನು ಬಾಗಿಲಲ್ಲೇ ಬಿಸಾಡಿ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಹತ್ತು ವರ್ಷದ ಹುಡುಗಿ, ಮಾತಿಗೆ ಕೂತರೆ ವಕೀಲರ ಹಾಗೆ.

"ಅಜ್ಜೀ, ಭಾನುವಾರ ನಮ್ಮನೆ ಸರದಿ. ಟಿವಿ ಕೆಟ್ಟಿದೆ ಅಂತ ಈ ಸಲ ಹೇಳೋ ಹಂಗಿಲ್ಲ. ಅಪ್ಪ ಹೊಸದು ತಂದಾಯ್ತು."

"ಕರೆಂಟು ಹೋದರೆ?"

"ನಿಂಗರಾಜಮ್ಮಜ್ಜಿ ಮನೆಯಿಂದ ವೈರ್ ಎಳ್ಕೋತೀವಿ."

"ನನ್ನ ಸೊಂಟನೋವು?"

"ನೀನೇನು ಆಡ್ಬೇಡ ಬಿಡು. ಮೂಲೇಲಿ ಕೂತು ಅವರೆಕಾಳು ಹಿತುಕು."

ನನ್ನ ಕೈ ನಿಂತಿತು. ಹದಿನೈದು ವರ್ಷದಿಂದ ಒಂದಲ್ಲ ಒಂದು ನೆಪ ಹೇಳಿ ನಮ್ಮ ಮನೆಯ ಸರದಿಯನ್ನು ಮುಂದೂಡಿಕೊಂಡು ಬಂದಿದ್ದೆ. ಬೀದಿಯವರು ನನ್ನನ್ನು ಜುಗ್ಗಿ ಅಂದರು, ಮಡಿಹೆಂಗಸು ಅಂದರು. ಅನ್ನಲಿ ಎಂದು ಸುಮ್ಮನಿದ್ದೆ. ಈಗ ನೆಪಗಳೆಲ್ಲ ತೀರಿಹೋಗಿದ್ದವು.

ನಮ್ಮ ಊರಿನಲ್ಲಿ ಭಾನುವಾರ ಬೀದಿಗೊಂದು ಮನೆಯ ಸರದಿಯಂತೆ ವಿಡಿಯೋ ಗೇಮ್ ಹಾಕುತ್ತಾರೆ. ಹಾಕಿದರೆ ನಾಲ್ಕು ರಿಮೋಟು ಇಡಬೇಕು, ಆಡುವವರು ಮೂವರೇ ಇದ್ದರೂ. ನಾಲ್ಕನೆಯದಕ್ಕೆ ಒಂದು ಮಣೆ ಹಾಕಿ, ಮಣೆಯ ಮೇಲೆ ರಿಮೋಟು ಇಟ್ಟು, ಪಕ್ಕದಲ್ಲಿ ಒಂದು ಲೋಟ ಪಾನಕ ಇಡುತ್ತಾರೆ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಆ ರಿಮೋಟು ತಾನೇ ಅಲುಗುತ್ತದೆ, ಟಿವಿಯಲ್ಲಿ ನಾಲ್ಕನೆಯ ಕಾರು ಓಡತೊಡಗುತ್ತದೆ. ಆ ಮನೆಯಲ್ಲಿ ಜಾಗ ಇದ್ದು ತೀರಿಹೋದ ಒಬ್ಬರು ಬಂದು ಆಡಿ ಹೋಗುತ್ತಾರೆ. ಯಾರೆಂದು ಆಟದ ರೀತಿಯಲ್ಲೇ ಗೊತ್ತಾಗುತ್ತದೆ. ಹೂವಿನಂಗಡಿಯವರ ಮನೆಯ ಮುದುಕ ಇದ್ದಾಗಲೂ ಬೇರೆಯವರ ದಾರಿಗೆ ಅಡ್ಡ ನಿಲ್ಲುತ್ತಿದ್ದವನೇ, ಈಗಲೂ ಕಾರನ್ನು ರಸ್ತೆಗೆ ಅಡ್ಡ ನಿಲ್ಲಿಸಿಕೊಂಡು ಕೂತುಬಿಡುತ್ತಾನೆ. "ನಮ್ಮ ಮಾವನ ಬುದ್ಧಿ ಅಲ್ಲಿಗೆ ಹೋದ್ರೂ ನೆಟ್ಟಗಾಗ್ಲಿಲ್ಲ" ಎಂದು ಸೊಸೆ ಎಲ್ಲರೆದುರು ಬೈಯುತ್ತಾಳೆ. ಗ್ರಂಥಿಗೆ ಅಂಗಡಿಯವರ ಮನೆಗೆ ಹೆರಿಗೆಯಲ್ಲಿ ತೀರಿಹೋದ ಸೊಸೆ ಕೂಸಿನ ಜೊತೆ ಬರುತ್ತಾಳೆ. ಕಾರು ನಡುಗುತ್ತಿರುತ್ತದೆ, ಆದರೆ ದಾರಿ ತಪ್ಪುವುದಿಲ್ಲ. ಕೂಸಿನ ಕೈ ಮೇಲೆ ತಾಯಿಯ ಕೈ ಇರುತ್ತದಲ್ಲ, ಅದಕ್ಕೆ. ಸಾಮಿಲ್ಲಿನವರ ಮನೆಗೆ ಅವರ ಮಗಳಿಗೆ ಗೊತ್ತುಮಾಡಿದ್ದ ಹುಡುಗ ಬಂದಿದ್ದ. ಬದುಕಿದ್ದಾಗ ಒಂದು ಸಲವೂ ಆ ಹೊಸಿಲು ತುಳಿದವನಲ್ಲ, ಮದುವೆಗೆ ಮುಂಚೆಯೇ ಹೋಗಿದ್ದ. ಆದರೂ ಆ ಮನೆಯಲ್ಲಿ ಅವನಿಗೆಂದು ಒಂದು ಜಾಗ ಎತ್ತಿಟ್ಟಿದ್ದರಲ್ಲ, ಬಂದ. ಯಾರೂ ಬೇಡ ಅನ್ನಲಿಲ್ಲ.

ಪಾಲಿಸಬೇಕಾದ್ದು ಎರಡೇ. ಬಂದವರನ್ನು ಹೆಸರು ಹಿಡಿದು ಕರೆಯಬಾರದು. ದೀಪ ಹಚ್ಚುವ ಹೊತ್ತಿಗೆ ಮನೆಯವರಲ್ಲೊಬ್ಬರು ಸಂಬಂಧ ಹೇಳಿ ಕಳಿಸಿಕೊಡಬೇಕು. ಮಾವನವರೇ ಹೋಗಿ ಬನ್ನಿ, ಅತ್ತಿಗೇ ಹೋಗಿ ಬಾ, ಹೀಗೆ. ಸಂಬಂಧ ಸರಿಯಾಗಿ ಹೇಳಿದರೆ ರಿಮೋಟು ತಣ್ಣಗಾಗುತ್ತದೆ. ಕೊನೆಯ ಬೀದಿಯ ಒಂದು ಮನೆಯಲ್ಲಿ, ಬಂದದ್ದು ಯಾರೆಂದು ಗೊತ್ತಾಗದೆ, ಏನೆಂದು ಕರೆಯುವುದೆಂದು ತಿಳಿಯದೆ ದೀಪದ ಹೊತ್ತು ಮೀರಿಹೋಯಿತು. ಆ ಮನೆಯವರು ಬೀಗ ಹಾಕಿ ಬೇರೆ ಊರು ಸೇರಿದರು. ವಿದ್ಯುತ್ ಇಲಾಖೆಯವರು ಕಂಬದಿಂದ ತಂತಿಯನ್ನೇ ಕಿತ್ತುಕೊಂಡು ಹೋದರು. ಆದರೆ ಕಿಟಕಿಯ ಸಂದಿಯಲ್ಲಿ ಇವತ್ತಿಗೂ ನೀಲಿ ಬೆಳಕು ಕಾಣುತ್ತದೆ, ಒಳಗೆ ಒಂದು ಕಾರು ಓಡುತ್ತಲೇ ಇರುತ್ತದೆ. ಹಾಲಿನವನು ಆ ಮನೆ ಬಂದಾಗ ಸೈಕಲ್ಲಿನಿಂದ ಇಳಿಯದೆ ಜೋರಾಗಿ ತುಳಿಯುತ್ತಾನೆ, ಅಷ್ಟೇ. ಮಿಕ್ಕಂತೆ ಎಲ್ಲರಿಗೂ ಅಭ್ಯಾಸವಾಗಿದೆ.

ಹಂಸಿಗೆ ಅವಳ ತಾತನನ್ನು ನೋಡುವ ಆಸೆ. ಅವಳು ಹುಟ್ಟುವುದಕ್ಕೆ ಎಂಟು ವರ್ಷ ಮುಂಚೆ ನನ್ನ ಯಜಮಾನರು ಹೋದರು. ಊರಿಗೆ ನೀರು ಬಿಡುವ ಕೆಲಸದಲ್ಲಿದ್ದವರು, ಯಾವುದಕ್ಕೂ ಅವಸರಪಟ್ಟವರಲ್ಲ. "ತಾತ ಬಂದ್ರೆ ನಾನೇ ಕಾರ್ ಓಡಿಸೋದು ಹೇಳಿಕೊಡ್ತೀನಿ" ಎಂದು ಅವಳು ವಾರವೆಲ್ಲ ಕುಣಿದಳು. ಮಗ ರುದ್ರೇಶನೂ ಬಾಯಲ್ಲಿ ಹೇಳದಿದ್ದರೂ ಅಪ್ಪನಿಗಾಗಿಯೇ ಕಾಯುತ್ತಿದ್ದ. ಸೊಸೆ ಪಂಕಜ ಮಾವನನ್ನು ಕಂಡವಳಲ್ಲ, ಆದರೂ ಯಾವ ಸೀರೆ ಉಡಲಿ ಎಂದು ನನ್ನನ್ನು ಕೇಳಿದಳು.

ಯಜಮಾನರು ಬರುವುದಕ್ಕೆ ನನ್ನ ಅಡ್ಡಿ ಏನಿರುತ್ತದೆ? ನನ್ನ ಭಯ ಬೇರೆಯದು. ಮಣೆ ಹಾಕಿದರೆ ನನ್ನ ತಂಗಿ ದ್ಯಾವಿ ಬಂದು ಕೂತುಬಿಟ್ಟರೆ? ಬಂದಳು ಅಂದರೆ ಅವಳು ಸತ್ತಿದ್ದಾಳೆ ಎಂದೇ ಆಯಿತು. ಮಣೆ ಹಾಕದಿದ್ದಷ್ಟು ದಿನ ಅವಳು ಎಲ್ಲೋ ಒಂದು ಕಡೆ ಇದ್ದಾಳೆ ಎಂದುಕೊಂಡು ನಾನು ಊಟ ಮಾಡಬಹುದಿತ್ತು.

ಅದನ್ನು ಹೇಳಬೇಕಾದರೆ ನನ್ನ ಮದುವೆಯಿಂದ ಹೇಳಬೇಕು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ, ಹುಡುಗಿ ನಾಲ್ಕನೇ ಕ್ಲಾಸು ಓದಿದ್ದಾಳೆ ಎಂದುಬಿಟ್ಟ. ನಾನು ಸ್ಕೂಲಿನ ಕಾಂಪೌಂಡನ್ನು ಹೊರಗಿನಿಂದ ನೋಡಿದವಳು. ನನ್ನ ಯಜಮಾನರಿಗೆ ಓದೆಂದರೆ ಪ್ರಾಣ. ದಿನಾ ಪೇಪರು ಓದಿ ಮುಗಿಸಿ, "ತಗೋ ಮರುಳಿ, ನೀನೂ ಓದು" ಎಂದು ಕೊಡುತ್ತಿದ್ದರು. ನಾನು ಪೇಪರು ಬಿಡಿಸಿಕೊಂಡು ಕೂತು, ಕಣ್ಣನ್ನು ಆ ಕಡೆಯಿಂದ ಈ ಕಡೆಗೆ ಓಡಿಸಿ, ನಡುವೆ ಒಮ್ಮೊಮ್ಮೆ "ಅಯ್ಯೋ ಪಾಪ" ಅನ್ನುತ್ತಿದ್ದೆ. ಒಂದು ಸಲ ಅವರು ಬಂದು ನನ್ನ ಕೈಯಿಂದ ಪೇಪರು ತೆಗೆದುಕೊಂಡು, ತಲೆಕೆಳಗಾಗಿದ್ದುದನ್ನು ನೆಟ್ಟಗೆ ಮಾಡಿ ಮತ್ತೆ ಕೈಗಿಟ್ಟು, "ನಿನಗೆ ಕನ್ನಡಕ ಬೇಕೇನೋ" ಎಂದು ಹೊರಗೆ ಹೋದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ರುದ್ರೇಶನಿಗೆ ಎರಡು ವರ್ಷ ತುಂಬಿದಾಗ ದ್ಯಾವಿಯಿಂದ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಬಂತು. ಅವಳಿಗೆ ನಮ್ಮ ಸೋದರಮಾವ ಅಕ್ಷರ ಕಲಿಸಿದ್ದ. ಎಡಗೈಯಲ್ಲಿ ಬರೆಯುತ್ತಿದ್ದಳು. ಅವ್ವ ಆಗಲೇ ತೀರಿಕೊಂಡಿದ್ದಳು, ಅಪ್ಪನೂ ಇರಲಿಲ್ಲ. ಕಾಗದ ಅಂಟು ಹಾಕಿ ಮುಚ್ಚಿತ್ತು, ನಾನೇ ಒಡೆದೆ. ಇರುವೆ ಸಾಲಿನ ಹಾಗೆ ಅಕ್ಷರ. ಯಾರ ಕೈಲಾದರೂ ಓದಿಸೋಣವೆಂದರೆ ನನ್ನ ನಾಲ್ಕನೇ ಕ್ಲಾಸು ಬಯಲಾಗುತ್ತದೆ. ಯಜಮಾನರು ಬಂದು, "ಏನಂತೆ ನಿನ್ನ ತಂಗಿ?" ಅಂದರು. "ಕ್ಷೇಮವಂತೆ. ಆ ಕಡೆ ಮಳೆ ಚೆನ್ನಾಗಿ ಆಯ್ತಂತೆ" ಅಂದೆ. "ಜವಾಬು ಬರೆದೆಯಾ?" "ಬರೆದೆ."

ಆಮೇಲೆ ಹೊಲಿಗೆ ಕಲಿಯುತ್ತೇನೆಂದು ಹೇಳಿ ರಾತ್ರಿ ಶಾಲೆಗೆ ಸೇರಿದೆ. ಮನೆಗೆ ತೋರಿಸಲು ಜೊತೆಯವಳು ಹೊಲಿದ ಕುಲಾವಿ, ಚೀಲ ತರುತ್ತಿದ್ದೆ. ಒಂದೂವರೆ ವರ್ಷ ಹಿಡಿಯಿತು. ಒತ್ತಕ್ಷರ ಕೈಗೆ ಹತ್ತಿದ ದಿನ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ದ್ಯಾವಿಯ ಕಾಗದ ಓದಿದೆ. ನಾನು ಮೊದಲು ಓದಿದ ಕಾಗದ ಅದೇ. "ಅಕ್ಕಾ, ನನಗೆ ಏಳು ತಿಂಗಳು. ಇಲ್ಲಿ ನನ್ನವರು ಅನ್ನೋರು ಯಾರೂ ಇಲ್ಲ. ಅವ್ವ ಇದ್ದಿದ್ದರೆ ನಿನಗೆ ತೊಂದರೆ ಕೊಡುತ್ತಿರಲಿಲ್ಲ. ಬಾಣಂತನಕ್ಕೆ ನಿನ್ನ ಮನೆಗೇ ಬರುತ್ತೇನೆ, ನಡುಮನೆಯ ಮೂಲೆ ಸಾಕು. ಬಾ ಅಂತ ಒಂದು ಮಾತು ಭಾವನ ಕೈಲಿ ಬರೆಸು. ನೀನು ಬರೆಸದಿದ್ದರೆ ಬೇಡ ಅಂತ ತಿಳಿಯುತ್ತೇನೆ."

ಜವಾಬು ಬರೆದೆ. ಲಕೋಟೆಗೆ ಹಾಕಿ, ವಿಳಾಸ ಬರೆದು, ಸ್ಟಾಂಪು ಹಚ್ಚಿದೆ. ಅಂಚೆ ಡಬ್ಬದವರೆಗೂ ಹೋದೆ. ಅಷ್ಟು ಹೊತ್ತಿಗೆ ಆ ಕೂಸು ಹುಟ್ಟಿ ನಡೆದಾಡುತ್ತಿರಬೇಕು, ಈಗ ಬಾ ಅಂದರೆ ಯಾವ ಮುಖ? ವಾಪಸು ತಂದು ಪೆಟ್ಟಿಗೆಯಲ್ಲಿ ಸೀರೆಗಳ ಅಡಿಗಿಟ್ಟೆ. ನಾಳೆ ಹಾಕೋಣ ಅಂದುಕೊಂಡೆ. ದ್ಯಾವಿ ಮತ್ತೆ ಬರೆಯಲಿಲ್ಲ. ಯಾರು ಕೇಳಿದರೂ ನನ್ನದು ಒಂದೇ ಉತ್ತರ, ದೂರದಲ್ಲಿದ್ದಾಳೆ, ಕ್ಷೇಮವಾಗಿದ್ದಾಳೆ. ನಲವತ್ತನಾಲ್ಕು ವರ್ಷ ಹಾಗೆಯೇ ಕಳೆಯಿತು.

ಭಾನುವಾರ ಮಧ್ಯಾಹ್ನ ಹಿತುಕಿದ ಬೇಳೆ ಸಾರು, ಅಕ್ಕಿರೊಟ್ಟಿ ಆಯಿತು. ನಡುಮನೆಯಲ್ಲಿ ಚಾಪೆ ಹಾಸಿದರು. ಎದುರುಮನೆಯ ನಿಂಗರಾಜಮ್ಮ ಕರೆಯುವ ಮುಂಚೆಯೇ ಬಂದು ಗೋಡೆಗೆ ಒರಗಿ ಕೂತಳು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು, ನನಗಿಂತ ಎರಡು ವರ್ಷ ದೊಡ್ಡವಳು.

"ಅಂತೂ ಮರುಳಮ್ಮನ ಮನೇಲಿ ಮಣೆ ಬಿತ್ತಪ್ಪ" ಅಂದಳು. "ಸಾಯೋದ್ರೊಳಗೆ ನೋಡ್ತೀನೋ ಇಲ್ವೋ ಅಂದ್ಕೊಂಡಿದ್ದೆ."

"ನೋಡದೆ ಹೋಗಿದ್ರೂ ಆಮೇಲೆ ಬಂದು ಆಡ್ತಿದ್ದೆಯಲ್ಲ ಬಿಡು" ಅಂದೆ.

"ನಿಮ್ಮನೆಗ್ಯಾಕೆ ಬರ್ಲಿ? ನಮ್ಮನೆ ಸಾರು ಇದಕ್ಕಿಂತ ಚೆನ್ನಾಗಿರುತ್ತೆ."

ಹಂಸಿ ನಾಲ್ಕನೆಯ ಮಣೆಯನ್ನು ಒರೆಸಿ ಹಾಕಿ ರಿಮೋಟು ಇಟ್ಟಳು. ಪಕ್ಕದಲ್ಲಿ ತಾತನ ಕನ್ನಡಕದ ಡಬ್ಬಿ, ನೀರಿನ ಗೇಟು ತಿರುಗಿಸುವ ಅವರ ಕಬ್ಬಿಣದ ಕೀಲಿ. "ಗುರುತು ಸಿಗ್ಲಿ ಅಂತ" ಅಂದಳು. ಅವಳದು ಕೆಂಪು ಕಾರು, ರುದ್ರೇಶನದು ನೀಲಿ, ಪಂಕಜಳದು ಹಸಿರು. ನಾಲ್ಕನೆಯ ಅರಿಶಿನ ಬಣ್ಣದ ಕಾರು ಗೆರೆಯ ಮೇಲೆ ಸುಮ್ಮನೆ ನಿಂತಿತ್ತು.

ಒಂದು ಗಂಟೆ ಏನೂ ಆಗಲಿಲ್ಲ. ಹಂಸಿ ಗೆದ್ದಳು, ಮತ್ತೆ ಗೆದ್ದಳು. ಪಂಕಜಳ ಕಾರು ಮೂರು ಸಲ ಕೆರೆಗೆ ಬಿತ್ತು. "ಇವಳಿಗೆ ಸ್ಕೂಟರ್ ಕೊಡ್ಸಿದ್ದು ತಪ್ಪಾಯ್ತು" ಎಂದು ರುದ್ರೇಶ ನಕ್ಕ. "ಕೆರೆ ರಸ್ತೆ ಮಧ್ಯ ತಂದಿಟ್ಟೋರು ಯಾರ್ರೀ?" ಎಂದು ಅವಳು ಜಗಳಕ್ಕೆ ನಿಂತಳು. ನನಗೂ ನಗು ಬಂತು. ಯಾರೂ ಬರುವುದಿಲ್ಲವೇನೋ ಎಂದು ಮನಸ್ಸು ಹಗುರವಾಗತೊಡಗಿತ್ತು.

ಆಗ ಮಣೆಯ ಮೇಲೆ ರಿಮೋಟು ಗುರ್ರೆಂದಿತು. ಮರದ ಮೇಲೆ ಅದು ನಡುಗುವ ಸದ್ದು, ಹಲ್ಲು ಕಟಕಟಿಸಿದ ಹಾಗೆ. ಪಂಕಜ ತಟ್ಟನೆ ಸೆರಗು ಹೊದ್ದಳು. "ಮಾವ ಬಂದ್ರು." ಹಂಸಿ ಮಣೆಯ ಕಡೆಗೆ ಬಾಗಿ, "ತಾತಾ, ಬಲಗಡೆ ಬಟನ್ ಒತ್ತಿ, ಕಾರು ಮುಂದಕ್ಕೆ ಹೋಗುತ್ತೆ" ಅಂದಳು.

ಅರಿಶಿನ ಬಣ್ಣದ ಕಾರು ಮುಂದಕ್ಕೆ ಹೋಗಲಿಲ್ಲ. ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ನಿಂತಲ್ಲೇ ಸುತ್ತುತ್ತಿತ್ತು. ಎಡಗೈಯವಳು ನಮ್ಮಲ್ಲಿ ಒಬ್ಬಳೇ. ಬಂದೆಯಾ ದ್ಯಾವಿ, ಎಂದು ಒಳಗೊಳಗೇ ಅಂದುಕೊಂಡೆ.

"ಅಪ್ಪ ಹಿಂಗೆ ಆಡೋರಲ್ಲವಲ್ಲ" ಎಂದು ರುದ್ರೇಶ ಮೆಲ್ಲಗೆ ಹೇಳಿದ.

ನಿಂಗರಾಜಮ್ಮ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತಳು. ಕಾರನ್ನಲ್ಲ, ಅವಳು ರಿಮೋಟನ್ನು ನೋಡುತ್ತಿದ್ದಳು. ಅದರ ಗುಂಡಿಗಳೆಲ್ಲ ಒಟ್ಟಿಗೇ ಒಳಗೆ ಒತ್ತಿಕೊಂಡಿದ್ದವು. ಹಾರನ್ನು, ಬ್ರೇಕು, ಎಲ್ಲ. ಒಂದು ಕ್ಷಣ ಸಡಿಲವಾಗುತ್ತಿದ್ದವು, ಮತ್ತೆ ಬಿಗಿಯಾಗುತ್ತಿದ್ದವು.

"ತಡೀರಿ" ಅಂದಳು. "ಇದು ದೊಡ್ಡೋರ ಕೈಯಲ್ಲ. ಹುಟ್ಟಿದ ಕೂಸಿನ ಅಂಗೈಗೆ ಬೆರಳು ಕೊಟ್ರೆ ಗಟ್ಟಿಯಾಗಿ ಹಿಡ್ಕೊಳ್ಳುತ್ತಲ್ಲ, ಆ ಹಿಡಿತ ಇದು. ನಾನು ಸಾವಿರ ಕೂಸು ಎತ್ತಿಕೊಂಡಿದೀನಿ, ನನಗೆ ಗೊತ್ತಾಗಲ್ವಾ? ತಿಂಗಳೂ ತುಂಬಿಲ್ಲ ಇದಕ್ಕೆ."

ಕಾರು ಸುತ್ತುತ್ತಿತ್ತು.

"ನಮ್ಮನೇಲಿ ಕೂಸು ಯಾರು ಹೋಗಿದ್ರು?" ಪಂಕಜ ಗಂಡನ ಮುಖ ನೋಡಿದಳು. "ನನಗೆ ಹಂಸಿ ಒಬ್ಬಳೇ."

"ಅಮ್ಮಾ, ನನ್ನ ಹಿಂದೆ ಮುಂದೆ ಯಾರಾದ್ರೂ ಇದ್ರಾ?"

"ಇಲ್ಲಪ್ಪ. ನೀನೊಬ್ಬನೇ."

"ತಾಯಿ ಜೊತೆಗಿಲ್ಲ" ಎಂದಳು ನಿಂಗರಾಜಮ್ಮ. "ಇದ್ದಿದ್ರೆ ಕಾರು ನೆಟ್ಟಗೆ ಹೋಗ್ತಿತ್ತು. ಗ್ರಂಥಿಗೆ ಅಂಗಡಿಯೋರ ಮನೇಲಿ ನೋಡಿಲ್ವಾ? ತಾಯಿ ಅತ್ಲಾಗಿದ್ರೆ ಕೂಸನ್ನ ಒಂಟಿಯಾಗಿ ಕಳಿಸ್ತಾಳೇನ್ರೀ? ಇದರ ತಾಯಿ ಇತ್ಲಾಗೇ ಇದಾಳೆ, ಎಲ್ಲೋ."

ಆ ಮಾತು ನನ್ನ ಕಿವಿಗೆ ಬಿತ್ತು, ಆದರೆ ಅರ್ಥ ಒಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಿಂಗರಾಜಮ್ಮ ಅಡುಗೆಮನೆಗೆ ಹೋಗಿ ಸಕ್ಕರೆ ನೀರು ಮಾಡಿ, ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಮಣೆಯ ಅಂಚಿನ ಮೇಲಿಟ್ಟಳು. ಪಾನಕದ ಲೋಟವನ್ನು ದೂರ ಸರಿಸಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಬತ್ತಿ ಒಣಗಿತ್ತು. ಮತ್ತೆ ಅದ್ದಿ ಇಟ್ಟಳು. ಮತ್ತೆ ಒಣಗಿತು. "ಹಸಿದುಬಿಟ್ಟಿದೆ" ಅಂದಳು. ಹಂಸಿ ಮೆಲ್ಲಗೆ ನನ್ನ ಹತ್ತಿರ ಸರಿದು ಸೆರಗು ಹಿಡಿದುಕೊಂಡಳು.

ಹೊರಗೆ ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂತು. ಅಕ್ಕಪಕ್ಕದ ಬೀದಿಗಳಲ್ಲಿ ಆವತ್ತು ಸರದಿ ಇದ್ದ ಮನೆಯವರು ತಮ್ಮ ಆಟ ಮುಗಿಸಿ ಬೀಳ್ಕೊಡುವುದು ಕೇಳುತ್ತಿತ್ತು. ಅಜ್ಜಾ ಹೋಗಿ ಬಾ. ಭಾವನೋರೇ ಹೋಗಿ ಬನ್ನಿ. ದೀಪ ಹಚ್ಚುವುದಕ್ಕೆ ಅರ್ಧ ಗಂಟೆಯೂ ಇರಲಿಲ್ಲ.

"ಕಳಿಸೋಣ ರೀ" ಅಂದಳು ಪಂಕಜ. ರುದ್ರೇಶ ಮಣೆಯ ಮುಂದೆ ಮಂಡಿಯೂರಿ, "ಕಂದಾ, ಹೋಗಿ ಬಾ" ಅಂದ. ಕಾರು ನಿಲ್ಲಲಿಲ್ಲ. "ಮಗಾ, ಹೋಗಿ ಬಾ." ನಿಲ್ಲಲಿಲ್ಲ. "ಮಗಳೇ, ಹೋಗಿ ಬಾ." ಸುತ್ತು ಇನ್ನೂ ಜೋರಾಯಿತು. ರಿಮೋಟು ಮಣೆಯ ಮೇಲೆ ಕುಣಿಯುತ್ತಿತ್ತು. ಅವನಿಗೆ ಗಾಬರಿಯಾಗಿ ಟಿವಿ ಆರಿಸಿದ. ಪರದೆ ಕಪ್ಪಾಯಿತು. ಆ ಕಪ್ಪಿನ ಮೇಲೆ ಅರಿಶಿನದ ಚುಕ್ಕೆಯೊಂದು ಸುತ್ತುತ್ತಲೇ ಇತ್ತು. ಗೋಡೆಯ ಸ್ವಿಚ್ಚು ತೆಗೆದ, ಮೀಟರಿನ ಹತ್ತಿರ ಓಡಿ ಮೇನ್ ಇಳಿಸಿದ. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು. ಚುಕ್ಕೆ ಸುತ್ತುತ್ತಿತ್ತು. ಕೊನೆಯ ಬೀದಿಯ ಮನೆ ಎಲ್ಲರ ಕಣ್ಣೆದುರಿಗೂ ಬಂತು. ಹಂಸಿ ಅಳತೊಡಗಿದಳು. "ನಾವೂ ಬೀಗ ಹಾಕ್ಕೊಂಡು ಹೋಗ್ಬೇಕಾ ಅಜ್ಜಿ?"

"ಸಂಬಂಧ ಗೊತ್ತಿರೋರು ಹೇಳಿ" ಎಂದಳು ನಿಂಗರಾಜಮ್ಮ. ಹೇಳಿದ್ದು ಎಲ್ಲರಿಗೂ, ನೋಡಿದ್ದು ನನ್ನನ್ನು. "ಈ ಮನೇಲಿ ಜಾಗ ಇಲ್ಲದೆ ಬಂದಿರಲ್ಲ."

ನಡುಮನೆಯ ಮೂಲೆ ಸಾಕು, ಎಂದು ದ್ಯಾವಿ ಬರೆದಿದ್ದಳು. ಮಣೆ ಹಾಕಿದ್ದು ಅದೇ ಮೂಲೆಯಲ್ಲಿ.

"ನಮ್ಮ ದ್ಯಾವಿ ಮಗು ಅದು" ಅಂದೆ.

ರುದ್ರೇಶ ತಿರುಗಿದ. "ಚಿಕ್ಕಮ್ಮಂದಾ? ಚಿಕ್ಕಮ್ಮ ಕ್ಷೇಮವಾಗಿದ್ದಾರೆ ಅಂತಿದ್ದೆ?"

"ನನಗೆ ಗೊತ್ತಿಲ್ಲ. ಗೊತ್ತಿದ್ದ ಹಂಗೆ ಹೇಳ್ತಿದ್ದೆ. ಬಾಣಂತನಕ್ಕೆ ಬರ್ತೀನಿ ಅಂತ ಕಾಗದ ಬರೆದಿದ್ಲು. ನನಗೆ ಓದೋಕೆ ಬರ್ತಿರ್ಲಿಲ್ಲ ಕಣಪ್ಪ. ಒಂದಕ್ಷರನೂ ಬರ್ತಿರ್ಲಿಲ್ಲ. ನಿಮ್ಮಪ್ಪನಿಗೆ ಹೇಳೋಕೆ ನಾಚಿಕೆ. ಓದೋದು ಕಲಿಯೋ ಹೊತ್ತಿಗೆ ಹೊತ್ತು ಮೀರಿತ್ತು. ಬಾ ಅಂತ ಬರೆದದ್ದನ್ನ ಡಬ್ಬಕ್ಕೆ ಹಾಕ್ಲಿಲ್ಲ."

"ನಲವತ್ತು ವರ್ಷ..." ಎಂದ ಅವನು. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಆಮೇಲೆ ಬೈಕೊಳ್ಳಿ" ಎಂದು ನಿಂಗರಾಜಮ್ಮ ಗದರಿದಳು. "ಹೊತ್ತು ಮುಳುಗ್ತಾ ಇದೆ. ಎತ್ತಿಕೋ ಮರುಳಮ್ಮ. ಮಣೆ ಮೇಲೆ ಮಲಗಿಸಿದ್ರೆ ಯಾವ ಕೂಸು ಸುಮ್ಮನಿರುತ್ತೆ?"

ಮಣೆಯ ಹತ್ತಿರ ಕೂತು ಕಾಲು ನೀಡಿದೆ. ಎರಡೂ ಕೈ ಅಡಿಗೆ ಕೊಟ್ಟು ರಿಮೋಟನ್ನು ಎತ್ತಿ ಮೊಣಕಾಲ ಮೇಲೆ ಮಲಗಿಸಿಕೊಂಡೆ. ಆ ಭಾರ ರಿಮೋಟಿನದಲ್ಲ. ಆರುತ್ತಿರುವ ಹಂಚಿನ ಹಾಗೆ ಬೆಚ್ಚಗಿತ್ತು, ಚಳಿಗೆ ಸಿಕ್ಕಿದ ಹಾಗೆ ನಡುಗುತ್ತಿತ್ತು. ಬಲಗೈಯ ತೋರುಬೆರಳನ್ನು ಅದರ ಮೇಲಿಟ್ಟೆ. ಏನೋ ಒಂದು ನನ್ನ ಬೆರಳನ್ನು ಸುತ್ತುವರಿದು ಹಿಡಿಯಿತು. ಐದು ಸಣ್ಣ ಒತ್ತುಗಳು. ಎಣಿಸಬಹುದಿತ್ತು.

"ನಾನು ನಿನ್ನ ದೊಡ್ಡಮ್ಮ" ಅಂದೆ. ಗಂಡೋ ಹೆಣ್ಣೋ ನನಗೆ ಗೊತ್ತಿರಲಿಲ್ಲ. "ನಿನ್ನ ಅಮ್ಮ ಬರ್ತೀನಿ ಅಂದಿದ್ಲು, ನಾನು ಬಾ ಅನ್ನಲಿಲ್ಲ. ತಪ್ಪು ಅವಳದಲ್ಲ. ನೀನೇ ದಾರಿ ಹುಡುಕ್ಕೊಂಡು ಬಂದೆಯಲ್ಲ, ನನ್ನಪ್ಪ, ನನ್ನವ್ವ. ಉಂಡಾಯ್ತು, ಆಡಿದ್ದಾಯ್ತು. ಈಗ ಮಲಗು."

ಕಾಲು ಅಲುಗಿಸುತ್ತ ಲಾಲಿ ಹಾಡಿದೆ. ಅವ್ವ ನಮ್ಮಿಬ್ಬರಿಗೂ ಹಾಡುತ್ತಿದ್ದದ್ದು. ಮಾತು ಮರೆತುಹೋಗಿತ್ತು, ಧಾಟಿ ಇತ್ತು. ಪಂಕಜ ಬಾಗಿಲ ಬಳಿ ದೀಪಕ್ಕೆ ಎಣ್ಣೆ ಹಾಕಿ, ಕಡ್ಡಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಪರದೆಯ ಮೇಲಿನ ಚುಕ್ಕೆ ನಿಧಾನವಾಯಿತು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಉಸಿರಾಡುವಷ್ಟು ಬಿಡುವು ಬಂತು. ಗುಂಡಿಗಳು ಒಂದೊಂದಾಗಿ ಮೇಲಕ್ಕೆ ಬಂದವು. ಕಾರು ನಿಂತಿತು.

"ನನ್ನ ತಂಗಿ ಮಗುವೇ, ಹೋಗಿ ಬಾ" ಅಂದೆ.

ಚುಕ್ಕೆ ಆರಿತು. ರಿಮೋಟು ಹಗುರವಾಗಿ, ತಣ್ಣಗಾಗಿ, ಬರೀ ಪ್ಲಾಸ್ಟಿಕ್ಕಾಯಿತು. ಪಂಕಜ ಕಡ್ಡಿ ಗೀರಿದಳು.

ನಿಂಗರಾಜಮ್ಮ ಒಣಗಿದ ಬತ್ತಿಯನ್ನು ಮಣೆಯಿಂದ ತೆಗೆದಳು. "ನಿನಗೆ ಓದೋಕೆ ಬರ್ತಿರ್ಲಿಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು ಕಣೆ. ಜಗಲೀಲಿ ಕೂತು ತಲೆಕೆಳಗಾದ ಪೇಪರ್ ಓದಿ ಅಯ್ಯೋ ಪಾಪ ಅಂತಿದ್ದೆ. ನಾನು ಕಿಟಕೀಲಿ ನಿಂತು ನಗ್ತಿದ್ದೆ. ಕೇಳಿದ್ರೆ ಕಾಗದ ನಾನೇ ಓದಿ ಹೇಳ್ತಿದ್ದೆ." ಅವಳ ಕಣ್ಣಲ್ಲಿ ನೀರಿತ್ತು. "ನಾನೂ ಬಾಯಿಬಿಟ್ಟು ಕೇಳ್ಲಿಲ್ಲ" ಎಂದು ಎದ್ದು ತನ್ನ ಮನೆಗೆ ಹೋದಳು.

ರುದ್ರೇಶ ನನ್ನ ಕಡೆ ನೋಡದೆ ಮಣೆಯನ್ನು ಎತ್ತಿ ಗೋಡೆಗೆ ನಿಲ್ಲಿಸಿದ, ಅಪ್ಪನ ಕೀಲಿಯನ್ನು ಮೊಳೆಗೆ ಸಿಕ್ಕಿಸಿದ. ಹಂಸಿ ಮಾತ್ರ ನನ್ನ ಪಕ್ಕದಲ್ಲಿ ಕೂತು ಏನೋ ಲೆಕ್ಕ ಹಾಕುತ್ತಿದ್ದಳು. "ಅಜ್ಜೀ, ತಾಯಿ ಅತ್ಲಾಗಿದ್ರೆ ಕೂಸು ಒಂಟಿಯಾಗಿ ಬರಲ್ಲ ಅಂದ್ರಲ್ಲ. ಅಂದ್ರೆ ಚಿಕ್ಕಜ್ಜಿ ಬದುಕಿದಾರೆ ಅಂತ ತಾನೆ?"

"ಹೂಂ."

"ಮತ್ತೆ ಕಾಗದ ಎಲ್ಲಿದೆ?"

ಪೆಟ್ಟಿಗೆ ತೆಗೆದೆ. ಲಕೋಟೆ ಹಳದಿಯಾಗಿ ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು. ಒಳಗಿನ ಕಾಗದದಲ್ಲಿ ಹೊಸದಾಗಿ ಕಲಿತವಳ ದಪ್ಪ ಅಕ್ಷರಗಳು ಗೆರೆ ಮೀರಿ ಹೋಗಿದ್ದವು. "ದ್ಯಾವಿ, ನಿನ್ನ ಕಾಗದ ಬಂದಾಗ ನನಗೆ ಓದಲು ಬರುತ್ತಿರಲಿಲ್ಲ. ಈಗ ಓದಿದೆ. ಕೂಸನ್ನು ಕರೆದುಕೊಂಡು ಬಾ." ಅಷ್ಟೇ ಇತ್ತು. ಅಷ್ಟನ್ನೇ ಹಾಕಿದ್ದರೆ ಸಾಕಿತ್ತು. ತಿಂಗಳು ತುಂಬದ ಕೂಸು ಹೋಗಿ ಆಗಲೇ ವರ್ಷ ಕಳೆದಿರುತ್ತಿತ್ತು, ಈ ಕಾಗದ ಅದನ್ನು ಉಳಿಸುತ್ತಿರಲಿಲ್ಲ. ಆದರೆ ಕೂಸು ಕಳೆದುಕೊಂಡ ತಂಗಿ ಅಕ್ಕನ ಮಡಿಲಿಗೆ ಬಂದಾದರೂ ಅಳುತ್ತಿದ್ದಳು.

ಪೆನ್ನು ಹಿಡಿಯಲು ಹೋದರೆ ತೋರುಬೆರಳು ಬಾಗಲಿಲ್ಲ. ನೋವಿರಲಿಲ್ಲ. ಸುತ್ತ ಐದು ಕಡೆ ಒತ್ತು ಹಾಗೇ ಇತ್ತು, ಯಾರೋ ಹಿಡಿದುಕೊಂಡೇ ಇರುವ ಹಾಗೆ. ಮೂರು ಬೆರಳಲ್ಲಿ ಪೆನ್ನು ಸಿಕ್ಕಿಸಿಕೊಂಡು ಹಳೆಯ ಬರಹದ ಕೆಳಗೆ ಬರೆದೆ. "ಕೂಸು ಇವತ್ತು ನಮ್ಮನೆಗೆ ಬಂದಿತ್ತು. ಸಕ್ಕರೆ ನೀರು ಕುಡಿದು, ಆಡಿ, ನನ್ನ ಕಾಲ ಮೇಲೆ ಮಲಗಿ ಹೋಯಿತು. ಗಂಡೋ ಹೆಣ್ಣೋ ನನಗೆ ತಿಳಿಯದು. ಹೆಸರಿಟ್ಟಿದ್ದರೆ ಬರೆ. ನಡುಮನೆಯ ಮೂಲೆ ಹಾಗೇ ಇದೆ. ಬಾ."

ಬೆಳಿಗ್ಗೆ ಎದ್ದು ನೋಡಿದಾಗಲೂ ಬೆರಳು ಹಾಗೆಯೇ ಇತ್ತು. ಒಂದೇ ಕೈಯಲ್ಲಿ ಮುಖ ತೊಳೆದು ಚಪ್ಪಲಿ ಮೆಟ್ಟಿದೆ. ಜಗಲಿಯಲ್ಲಿ ರುದ್ರೇಶ ಬೂಟು ಹಾಕಿಕೊಳ್ಳುತ್ತಿದ್ದ. ನನ್ನ ಕೈಯಲ್ಲಿದ್ದ ಲಕೋಟೆ ಇಸಿದುಕೊಂಡು ವಿಳಾಸ ಓದಿದ.

"ಹಿಟ್ಟಿನ ಗಿರಣಿ ಹಿಂದೆ ಅಂತ ಬರೆದಿದ್ದೀಯ. ಆ ಗಿರಣಿ ಇನ್ನೂ ಇರುತ್ತಾ?"

"ಗೊತ್ತಿಲ್ಲ."

ಅವನು ಜೇಬಿನಿಂದ ಪೆನ್ನು ತೆಗೆದು, ಲಕೋಟೆಯ ಹಿಂದೆ ನಮ್ಮ ಮನೆಯ ವಿಳಾಸವನ್ನೂ ತನ್ನ ಫೋನ್ ನಂಬರನ್ನೂ ಬರೆದು ಕೊಟ್ಟ. "ಜೊತೆಗೆ ಬರ್ಲಾ?" ಅಂದ. ಆ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಬೇಡ ಕಣಪ್ಪ. ಇದೊಂದನ್ನ ನಾನೇ ಹಾಕ್ಬೇಕು."

ಅಂಚೆ ಕಚೇರಿಯ ಹುಡುಗಿ ಹಳೆಯ ಸ್ಟಾಂಪನ್ನು ಕಂಡು, "ಏನಜ್ಜಿ, ಇದು ಮ್ಯೂಸಿಯಮ್ಮಿಗೆ ಹೋಗ್ಬೇಕಾದ್ದು" ಎಂದು ನಕ್ಕು, ಪಕ್ಕದಲ್ಲಿ ಹೊಸದು ಹಚ್ಚಿಕೊಟ್ಟಳು. "ಇಲ್ಲೇ ಕೊಡಿ, ನಾನೇ ಹಾಕ್ತೀನಿ" ಅಂದಳು. ಕೊಡಲಿಲ್ಲ. ಹೊರಗೆ ಬಂದು ಕೆಂಪು ಡಬ್ಬದ ಮುಂದೆ ನಿಂತೆ. ಆವತ್ತು ವಾಪಸು ಬಂದದ್ದು ಇದೇ ಡಬ್ಬದಿಂದ, ನಡುವೆ ಎಷ್ಟೋ ಸಲ ಬಣ್ಣ ಕಂಡಿದೆ. ಬಾಯಿಯೊಳಗೆ ಕೈಯನ್ನು ಮಣಿಕಟ್ಟಿನವರೆಗೂ ತೂರಿಸಿ ಲಕೋಟೆಯನ್ನು ಬಿಟ್ಟೆ. ತಳದಲ್ಲಿ ಕಾಗದ ಬಿದ್ದ ಸದ್ದು ಕೇಳಿಸಿತು. ಆಗ ನನ್ನ ತೋರುಬೆರಳಿನ ಸುತ್ತ ಇದ್ದ ಹಿಡಿತ ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು.